ವಾಡೆ ಬಿದ್ದದ್ದು ಯಾರಿಂದ? ದೇಸಗತಿಯ ವಿಧವೆಯರ ಸುತ್ತ ನಡೆದ ವಾದಗಳು

ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ಆವರಣದಲ್ಲಿ ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿ ಎಬ್ಬಿಸಿದ. ಒಂಬತ್ತು ಶತಮಾನ ಕಳೆದರೂ ಆ ಕಲ್ಲು ನಿಂತಿದೆ. ಅದೇ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯಲ್ಲಿ ಅದಕ್ಕಿಂತ ಎಷ್ಟೋ ಈಚೆಗೆ ಎದ್ದ ದೇಸಾಯರ, ದೇಶಪಾಂಡೆಯರ, ಗೌಡರ ವಾಡೆಗಳಲ್ಲಿ ಪೂರ್ತಿ ಉಳಿದವು ಕಡಿಮೆ. ಹೆಬ್ಬಾಗಿಲು ನಿಂತಿರುತ್ತದೆ, ಒಳಗೆ ಜಾಲಿ ಬೆಳೆದಿರುತ್ತದೆ.

ಯಾಕೆ ಬಿತ್ತು ಎಂದು ಕೇಳಿದರೆ ಊರ ಕಟ್ಟೆಯ ಮೇಲಿನ ಉತ್ತರ ಬಹಳ ಸಲ ಒಬ್ಬ ಹೆಂಗಸಿನ ಹತ್ತಿರ ಹೋಗಿ ನಿಲ್ಲುತ್ತದೆ. ದೇಸಾಯರು ತೀರಿಕೊಂಡರು, ಅವ್ವಾರು ಒಬ್ಬರೇ ಉಳಿದರು, ಕಾರಭಾರಿ ತಿಂದ, ಕೋರ್ಟು ತಿಂದಿತು, ಮನೆ ಹೋಯಿತು. ಗಂಡ ಸತ್ತ ‘ಮೇಲೆ’ ಬಿದ್ದ ಮನೆ, ಗಂಡ ಸತ್ತದ್ದರಿಂದಲೇ ಬಿತ್ತೇ? ವಿಧವೆ ಕಾರಣವೋ, ಸಾಕ್ಷಿಯೋ, ಬಲಿಯೋ? ಇನ್ನೂರು ವರ್ಷಗಳಿಂದ ಇದಕ್ಕೆ ಬೇರೆ ಬೇರೆ ಜನ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಬ್ರಿಟಿಷ್ ಅಧಿಕಾರಿಗಳದು ಒಂದು, ರಾಷ್ಟ್ರೀಯ ಚಳವಳಿಯ ಇತಿಹಾಸಕಾರರದು ಇನ್ನೊಂದು, ವಕೀಲರದು ಮತ್ತೊಂದು. ಗೇಣಿದಾರನ ಮೊಮ್ಮಕ್ಕಳದಂತೂ ಬೇರೆಯೇ.

ಹಳೆಯ ಆರೋಪ

ಎಲ್ಲಕ್ಕಿಂತ ಹಳೆಯ ವಿವರಣೆ ನಡತೆಯ ಮೇಲೆ ನಿಂತದ್ದು. ಕೆಳದಿಯ ವೀರಮ್ಮಾಜಿ ಅದರ ಮೊದಲ ದೊಡ್ಡ ಉದಾಹರಣೆ. ಗಂಡ ಬಸಪ್ಪ ನಾಯಕ ಸತ್ತ ಮೇಲೆ ದತ್ತಕದ ಹುಡುಗನನ್ನು ಮುಂದಿಟ್ಟುಕೊಂಡು ಆಳಿದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ, ಅವಳನ್ನು ಮಧುಗಿರಿ ಕೋಟೆಯಲ್ಲಿಟ್ಟ. ಅವಳ ಬಗ್ಗೆ ಹಬ್ಬಿದ ಕತೆಗಳಲ್ಲಿ ಹೈದರನ ದಂಡಿಗಿಂತ ಅವಳ ಶೀಲದ ಮಾತೇ ಹೆಚ್ಚು. ಅದೇ ಕೆಳದಿಯಲ್ಲಿ 1671ರಿಂದ 1696ರವರೆಗೆ ಇನ್ನೊಬ್ಬ ವಿಧವೆ, ಚೆನ್ನಮ್ಮಾಜಿ, ಇಪ್ಪತ್ತೈದು ವರ್ಷ ಆಳಿದ್ದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದಳು. ಗೆದ್ದವಳು ವೀರರಾಣಿಯಾದಳು, ಸೋತವಳು ಶೀಲಗೆಟ್ಟವಳಾದಳು. ವೈಧವ್ಯ ಇಬ್ಬರಿಗೂ ಒಂದೇ.

ಕೊಪ್ಪಳಕ್ಕೆ ಹತ್ತಿರದ ಉದಾಹರಣೆ ಸುರಪುರದ ರಾಣಿ ಈಶ್ವರಮ್ಮ. ಕೃಷ್ಣಪ್ಪ ನಾಯಕ ಸತ್ತಾಗ ಮಗ ವೆಂಕಟಪ್ಪ ನಾಯಕ ಚಿಕ್ಕವ. 1840ರ ದಶಕದಲ್ಲಿ ಸಂಸ್ಥಾನ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್‌ಗೂ ರಾಣಿಗೂ ಆಗಿಬರಲಿಲ್ಲ. 1877ರಲ್ಲಿ, ಸತ್ತ ಮರುವರ್ಷ, ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿ ಈಶ್ವರಮ್ಮ ಹಟಮಾರಿ, ಸಂಚುಗಾರ್ತಿ, ದುಂದುಗಾರ್ತಿ. ವೆಂಕಟಪ್ಪ ನಾಯಕ 1853ರಲ್ಲಿ ಅಧಿಕಾರ ವಹಿಸಿಕೊಂಡು 1858ರಲ್ಲಿ ದಂಗೆಯೆದ್ದು ಸತ್ತ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಟೇಲರ್ ಕಟ್ಟಿಸಿದ ಬಂಗಲೆ ಸುರಪುರದ ಗುಡ್ಡದ ಮೇಲೆ ಇಂದಿಗೂ ‘ಟೇಲರ್ ಮಂಜಿಲ್’ ಎಂದು ಹೆಸರಾಗಿದೆ. ಅವನ ಮನೆಯೂ ಉಳಿಯಿತು, ಅವನ ಮಾತೂ ಉಳಿಯಿತು. ಈಶ್ವರಮ್ಮನ ಬಗ್ಗೆ ಈಚಿನವರು ಬರೆದದ್ದರಲ್ಲಿ ಬಹುಪಾಲು ಆಕೆಯ ಎದುರಾಳಿಯ ಪುಸ್ತಕದಿಂದಲೇ ಎತ್ತಿದ್ದು ಎಂಬುದನ್ನು ಮರೆಯಬಾರದು.

ಈ ಆರೋಪ ಪೂರಾ ಸುಳ್ಳೆಂದು ತಳ್ಳುವಂತೆಯೂ ಇಲ್ಲ. ಪರದೆಯ ಹಿಂದೆ ಕೂತವಳು ಲೆಕ್ಕಕ್ಕೆ ಕಾರಭಾರಿಯನ್ನೇ ನಂಬಬೇಕಿತ್ತು, ಓದು ಬರಹ ಕಲಿಸಿದವರಿರಲಿಲ್ಲ, ಮೋಸವಾಗಿದೆ. ಆದರೆ ಇದು ವಿಧವೆಯ ದೋಷವಲ್ಲ, ಅವಳನ್ನು ಹಾಗೆ ಬೆಳೆಸಿದ ಮನೆತನದ್ದು. ಕಲಿತ, ದಿವಾನರ ಬೆಂಬಲವಿದ್ದ ವಿಧವೆ ಏನು ಮಾಡಬಲ್ಲಳು ಎಂಬುದನ್ನು ಮೈಸೂರು ತೋರಿಸಿತು. ಕೆಂಪನಂಜಮ್ಮಣ್ಣಿ 1895ರಿಂದ 1902ರವರೆಗೆ ಮಗನ ಪರವಾಗಿ ಆಳಿದಳು. ಶಿವನಸಮುದ್ರದ ವಿದ್ಯುತ್ತು ಕೋಲಾರಕ್ಕೆ ಹರಿದದ್ದು ಆಕೆಯ ಆಳ್ವಿಕೆಯ ಕೊನೆಯ ವರ್ಷದಲ್ಲಿ.

ದತ್ತಕ ಒಪ್ಪದ ಸರ್ಕಾರ

ಎರಡನೆಯ ವಾದ ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಗಟ್ಟಿಯಾದದ್ದು: ಮನೆ ಮುರಿದವಳು ವಿಧವೆಯಲ್ಲ, ಕಂಪನಿ ಸರ್ಕಾರ. ಇದಕ್ಕೆ ಕಿತ್ತೂರಿಗಿಂತ ದೊಡ್ಡ ಸಾಕ್ಷಿ ಬೇಡ. 1816ರಲ್ಲಿ ಮಲ್ಲಸರ್ಜ, 1824ರ ಸೆಪ್ಟೆಂಬರಿನಲ್ಲಿ ಮಗ ಶಿವಲಿಂಗರುದ್ರಸರ್ಜ ಸತ್ತರು. ವಾಡೆಯಲ್ಲಿ ಉಳಿದದ್ದು ಅತ್ತೆ ಚೆನ್ನಮ್ಮ, ಸೊಸೆ ವೀರಮ್ಮ, ಇಬ್ಬರೂ ವಿಧವೆಯರು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಕೋಟೆ ಬಿದ್ದಾಗ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬರಲು ಇನ್ನೂ ಇಪ್ಪತ್ತಮೂರು ವರ್ಷಕ್ಕೂ ಹೆಚ್ಚು ಇತ್ತು. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಗೆ ಅವನ ಹೆಸರು ಅಂಟಿದೆ, ಅದರ ರುಚಿ ಕಿತ್ತೂರು ಮೊದಲೇ ಕಂಡಿತ್ತು.

ನರಗುಂದದ್ದು ಇದೇ ಕತೆಯ ಎರಡನೆಯ ಅಧ್ಯಾಯ. ಮಕ್ಕಳಿಲ್ಲದ ಭಾಸ್ಕರರಾವ್ ಭಾವೆಗೆ ದತ್ತಕದ ಅಪ್ಪಣೆ ಸಿಗಲಿಲ್ಲ. 1858ರಲ್ಲಿ ದಂಗೆಯೆದ್ದ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ ಮಲಪ್ರಭೆಗೆ ಹಾರಿದರು. ಅದೇ ದಂಗೆಯಲ್ಲಿ ಕೈಜೋಡಿಸಿದ್ದ ಮುಂಡರಗಿ ಭೀಮರಾವ್ ಅದೇ ಜೂನ್ ತಿಂಗಳ ಮೊದಲ ದಿನ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತಿದ್ದ.

ಈ ವಾದ ದೊಡ್ಡ ಸಂಸ್ಥಾನಗಳ ಪತನವನ್ನು ಚೆನ್ನಾಗಿ ವಿವರಿಸುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಹತ್ತಾರು ಸಣ್ಣ ವಾಡೆಗಳನ್ನು ವಿವರಿಸುವುದಿಲ್ಲ. ಆ ಮನೆಗಳ ಮೇಲೆ ಯಾರೂ ತೋಪು ಹಚ್ಚಲಿಲ್ಲ, ದತ್ತಕವನ್ನೂ ಯಾರೂ ತಡೆಯಲಿಲ್ಲ. ಆದರೂ ಅವು ಬಿದ್ದವು.

ಆಸ್ತಿ ಇತ್ತು, ಒಡೆತನ ಇರಲಿಲ್ಲ

ನನಗೆ ಎಲ್ಲಕ್ಕಿಂತ ಹೆಚ್ಚು ತೂಕದ್ದೆನಿಸುವುದು ಕಾಯಿದೆಯ ಕಡೆಯಿಂದ ಬಂದ ವಿವರಣೆ. 1956ಕ್ಕೆ ಮೊದಲಿನ ಹಿಂದೂ ಕಾನೂನಿನಲ್ಲಿ ಮಗನಿಲ್ಲದ ವಿಧವೆಗೆ ಗಂಡನ ಪಾಲಿನ ಆಸ್ತಿ ಬಂದರೂ ಅದು ಬದುಕಿರುವವರೆಗೆ ಉಣ್ಣುವ ಹಕ್ಕು ಮಾತ್ರ. ಮಾರಬೇಕಾದರೆ, ಒತ್ತೆ ಇಡಬೇಕಾದರೆ ‘ಕಾನೂನುಬದ್ಧ ಅಗತ್ಯ’ ತೋರಿಸಬೇಕು: ಗಂಡನ ಸಾಲ, ಅವನ ಉತ್ತರಕ್ರಿಯೆ, ಮಗಳ ಮದುವೆ, ಸರ್ಕಾರದ ಕಂದಾಯ. ಅವಳು ಸತ್ತ ಮೇಲೆ ಆಸ್ತಿ ಅವಳ ವಾರಸುದಾರರಿಗೆ ಹೋಗುತ್ತಿರಲಿಲ್ಲ, ಗಂಡನ ವಾರಸುದಾರರಿಗೆ ಹೋಗುತ್ತಿತ್ತು. ಆ ದಾಯಾದಿಗಳು ಅವಳು ಮಾಡಿದ ಪ್ರತಿ ಪತ್ರವನ್ನೂ ಮುಂದೆ ಪ್ರಶ್ನಿಸಬಹುದಿತ್ತು. ಆದ್ದರಿಂದ ಬುದ್ಧಿವಂತ ಸಾಹುಕಾರ ಅವಳಿಗೆ ಸಾಲ ಕೊಡುತ್ತಿರಲಿಲ್ಲ, ಕೊಟ್ಟರೆ ಮೂರುಪಟ್ಟು ಬಡ್ಡಿಗೆ ಕೊಡುತ್ತಿದ್ದ. ಇಂಥವಳು ಸೋರುವ ಮಾಳಿಗೆಗೆ ಯಾವ ಹಣದಿಂದ ಮಣ್ಣು ಹಾಕಿಸಬೇಕು?

ವತನದ, ಅಂದರೆ ವಂಶಪಾರಂಪರ್ಯವಾಗಿ ಬಂದ ಅಧಿಕಾರ ಮತ್ತು ಅದರ ಭೂಮಿಯ, ಮನೆಗಳಲ್ಲಿ ಗಂಟು ಇನ್ನೂ ಬಿಗಿ. ಬೊಂಬಾಯಿ ಸರ್ಕಾರದ 1886ರ ಐದನೆಯ ಕಾಯಿದೆ ವತನದ ವಾರಸಿನಲ್ಲಿ ಕೊನೆಯ ಗಂಡು ಒಡೆಯನ ವಿಧವೆಯೊಬ್ಬಳನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳನ್ನೆಲ್ಲ ಗಂಡಸರ ಹಿಂದೆ ನಿಲ್ಲಿಸಿತು. ಅಂದರೆ ವಾಡೆ ವಿಧವೆಗೆ ಬರುತ್ತದೆ, ಅವಳ ಸ್ವಂತ ಮಗಳಿಗೆ ಹೋಗುವುದಿಲ್ಲ, ಮೈದುನನ ಮಕ್ಕಳಿಗೆ ಹೋಗುತ್ತದೆ. ತನ್ನನ್ನು ಹೊರಗೆ ಹಾಕಲು ಕಾದಿರುವವರಿಗಾಗಿ ಮನೆ ಸುಸ್ಥಿತಿಯಲ್ಲಿಡು ಎಂದು ಕಾಯಿದೆ ಅವಳಿಗೆ ಹೇಳಿದಂತಾಯಿತು.

ಅವಳ ಕೈಯಲ್ಲಿ ಉಳಿದ ಒಂದೇ ಅಸ್ತ್ರ ದತ್ತಕ. ಬೊಂಬಾಯಿ ಭಾಗದ ಸಂಪ್ರದಾಯದಲ್ಲಿ ವಿಧವೆ ಗಂಡನ ಸ್ಪಷ್ಟ ಅಪ್ಪಣೆ ಇಲ್ಲದೆಯೂ ದತ್ತು ತೆಗೆದುಕೊಳ್ಳಬಹುದಿತ್ತು, ಮದ್ರಾಸ್ ಭಾಗದಲ್ಲಿ ಸಪಿಂಡರ, ಅಂದರೆ ಗಂಡನ ಹತ್ತಿರದ ಬಂಧುಗಳ, ಒಪ್ಪಿಗೆ ಬೇಕಿತ್ತು. ದತ್ತಕನ ಹಕ್ಕು ಗಂಡ ಸತ್ತ ದಿನಕ್ಕೆ ಹಿಂದೆ ಸರಿದು ನಿಲ್ಲುತ್ತಿತ್ತು. ಅನಂತ ಭಿಕ್ಕಪ್ಪ ಪಾಟೀಲ ವಿರುದ್ಧ ಶಂಕರ ರಾಮಚಂದ್ರ ಪಾಟೀಲ ಮೊಕದ್ದಮೆಯಲ್ಲಿ ವಿಧವೆಯ ಮಗ 1917ರಲ್ಲಿ ಸತ್ತಿದ್ದ, ತಾಯಿ ದತ್ತು ತೆಗೆದುಕೊಂಡದ್ದು 1930ರಲ್ಲಿ. 1943ರಲ್ಲಿ ಪ್ರಿವಿ ಕೌನ್ಸಿಲ್ ದತ್ತಕನ ಪರ ನಿಂತು, ಆ ನಡುವೆ ದಾಯಾದಿಯ ಕೈಸೇರಿದ್ದ ವತನವನ್ನು ಅವನಿಗೆ ಕೊಡಿಸಿತು. ವಿಜಾಪುರ ಸೀಮೆಯ ಕಾಂಗೋ ಮನೆತನದ ವ್ಯಾಜ್ಯ ಇನ್ನೂ ವಿಚಿತ್ರ. ಗಂಡ ಸತ್ತದ್ದು 1897ರಲ್ಲಿ, ವಿಧವೆ ದತ್ತು ತೆಗೆದುಕೊಂಡದ್ದು 1944ರಲ್ಲಿ! ನಲವತ್ತೇಳು ವರ್ಷ ಮನೆಯ ಮೂಲೆಯಲ್ಲಿ ಕೂತಿದ್ದ ಮುದುಕಿ ಒಂದು ದಿನ ಇಡೀ ಮನೆತನದ ಹಂಚಿಕೆಯನ್ನೇ ಅಲುಗಿಸಿದಳು. 1954ರಲ್ಲಿ ಸುಪ್ರೀಂ ಕೋರ್ಟು ಈ ಮೊಕದ್ದಮೆಯಲ್ಲಿ ‘ಅನಂತ’ ತೀರ್ಪಿನ ಹರವನ್ನು ಮೊಟಕು ಮಾಡಿತು. 1956ರ ದತ್ತಕ ಕಾಯಿದೆ, ದತ್ತಕನು ಈಗಾಗಲೇ ಬೇರೆಯವರ ಕೈಸೇರಿದ ಆಸ್ತಿಯನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಬಾಗಿಲು ಹಾಕಿತು.

ಅಲ್ಲಿಯವರೆಗೆ ದಾಯಾದಿಗಳಿಗೆ ನಿದ್ದೆಯಿಲ್ಲ, ವಿಧವೆಗೆ ನೆಮ್ಮದಿಯಿಲ್ಲ. ನಾಳೆ ಯಾರದಾಗುತ್ತದೋ ಗೊತ್ತಿಲ್ಲದ ವಾಡೆಗೆ ಯಾರೂ ಹಣ ಹಾಕಲಿಲ್ಲ. ಕಟ್ಟೆಯ ಮೇಲಿನವರು ‘ಅವ್ವಾರು ಕೋರ್ಟಿಗೆ ಹೋಗಿ ಮನೆ ಕೆಡಿಸಿದರು’ ಎನ್ನುವುದರ ಹಿಂದೆ ಇದಿದೆ. ಕೋರ್ಟಿಗೆ ಹೋಗದಿದ್ದರೆ ಅವಳಿಗೆ ಸಿಗುತ್ತಿದ್ದದ್ದು ಜೀವನಾಂಶ ಮತ್ತು ಹಿತ್ತಲ ಕೋಣೆ. ಮರುಮದುವೆಯೂ ದಾರಿಯಾಗಿರಲಿಲ್ಲ. 1856ರ ವಿಧವಾ ವಿವಾಹ ಕಾಯಿದೆ ಮದುವೆಗೆ ಒಪ್ಪಿಗೆ ಕೊಟ್ಟಿತು, ಮದುವೆಯಾದವಳ ಕೈಯಿಂದ ಮೊದಲ ಗಂಡನ ಆಸ್ತಿಯನ್ನು ಕಿತ್ತುಕೊಂಡಿತು. ಈ ಭಾಗದ ಎಷ್ಟೋ ಜಾತಿಗಳಲ್ಲಿ ಉಡಕಿ ಎಂಬ ವಿಧವೆಯ ಮರುಮದುವೆ ನಡೆಯುತ್ತಿದ್ದರೂ ದೇಸಗತಿಯ ಮನೆಗಳು ಅದನ್ನು ತಮ್ಮ ಅಂತಸ್ತಿಗೆ ಕಡಿಮೆ ಎಂದೇ ಎಣಿಸಿದವು.

ನಿಜಾಮರ ಸೀಮೆಯಲ್ಲಿ

ಇಲ್ಲಿಯವರೆಗೆ ಹೇಳಿದ ಸ್ವಾತಂತ್ರ್ಯಪೂರ್ವದ ಕಾಯಿದೆಗಳೆಲ್ಲ ಬ್ರಿಟಿಷ್ ಮುಲುಕಿನವು. ಕೊಪ್ಪಳ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದಿನದು. ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಮೊದಲ ಸಾಲಾರ್ ಜಂಗ್ ದಿವಾನನಾಗಿದ್ದಾಗ 1865ರ ಜಿಲ್ಲಾಬಂದಿ ಎಂಬ ಆಡಳಿತ ಸುಧಾರಣೆ ಹೈದರಾಬಾದಿನ ದೇಶಮುಖ, ದೇಶಪಾಂಡೆಯರ ವಸೂಲಿ ಅಧಿಕಾರವನ್ನು ಕಿತ್ತು ಬದಲಿಗೆ ರುಸುಮು ಎಂಬ ನಗದು ಕೊಟ್ಟಿತು. ಅಧಿಕಾರ ಹೋಗಿ ಪಿಂಚಣಿ ಬಂದ ಮನೆಗಳ ಇಳಿಗಾಲ ಅಲ್ಲೇ ಶುರುವಾಯಿತು ಎನ್ನುವವರಿದ್ದಾರೆ. ಆಗ ಗಂಡಂದಿರು ಬದುಕಿಯೇ ಇದ್ದರು ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ವ್ಯಂಗ್ಯವಿದೆ. ಕೊಪ್ಪಳದ ಒಡೆಯ ಮೂರನೆಯ ಸಾಲಾರ್ ಜಂಗ್ ಮದುವೆಯಾಗಲೇ ಇಲ್ಲ. 1949ರಲ್ಲಿ ಸತ್ತಾಗ ಹಿಂದೆ ವಿಧವೆಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಅವನು ಕೂಡಿಟ್ಟದ್ದು 1951ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ಮೊದಲು ತೆರೆದದ್ದು ಅವನ ದಿವಾನ್ ದೇವಡಿ ಅರಮನೆಯಲ್ಲೇ. 1968ರಲ್ಲಿ ವಸ್ತುಗಳು ಹೊಸ ಕಟ್ಟಡಕ್ಕೆ ಹೋದವು, ದೇವಡಿಯ ಬಹುಭಾಗ ಕಾಲಾಂತರದಲ್ಲಿ ನೆಲಸಮವಾಯಿತು. ವಿಧವೆಯೇ ಇಲ್ಲದ ಮನೆಯೂ ಉಳಿಯಲಿಲ್ಲ.

ಎದುರು ಉದಾಹರಣೆ ಗದ್ವಾಲ. ಇಂದು ತೆಲಂಗಾಣದಲ್ಲಿರುವ ಈ ಸಂಸ್ಥಾನ ಆಗ ರಾಯಚೂರು ಜಿಲ್ಲೆಯಲ್ಲಿತ್ತು. 1924ರಲ್ಲಿ ಸೀತಾರಾಮ ಭೂಪಾಲ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ನಿಜಾಮ ಸರ್ಕಾರ ಸಂಸ್ಥಾನದ ಮೇಲೆ ಕೈಹಾಕಿತು. ರಾಣಿ ಆದಿಲಕ್ಷ್ಮಿ ದೇವಮ್ಮ ವೈಸ್‌ರಾಯ್‌ವರೆಗೆ ದೂರು ಒಯ್ದು ಅದನ್ನು ಮರಳಿ ಪಡೆದಳು, 1949ರ ಆಗಸ್ಟ್ 15ರ ಜಾಗೀರು ರದ್ದತಿಯವರೆಗೆ ಆಳಿದಳು. ಕೋಟೆಯೊಳಗೆ ಈಗ ಆಕೆಯ ಹೆಸರಿನ ಸರ್ಕಾರಿ ಕಾಲೇಜಿದೆ. ವಿಧವೆ ಇದ್ದ ಮನೆ ಕಾಲೇಜಾಗಿ ಉಳಿಯಿತು.

ಮಧ್ಯೆ ನಿಜಾಮನ ಪರ ನಿಂತ ರಜಾಕಾರ ಪಡೆಗಳ ಹಾವಳಿಯ ಕಾಲ. 1947–48ರಲ್ಲಿ ಗಡಿ ದಾಟಿದರೆ ಬೊಂಬಾಯಿ ಪ್ರಾಂತ. ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದ, ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ಆ ಕಡೆಯ ಮುಂಡರಗಿಯಲ್ಲಿತ್ತು. ಅನುಕೂಲವಿದ್ದ ಕುಟುಂಬಗಳು ಚಿನ್ನ, ಕಾಗದಪತ್ರ ಹೊತ್ತು ಆ ಕಡೆ ಹೋದವು. ಹೋದವರೆಲ್ಲ ತಿರುಗಿ ಬರಲಿಲ್ಲ, ಗದಗ, ಹುಬ್ಬಳ್ಳಿಯಲ್ಲೇ ನೆಲೆ ನಿಂತವರುಂಟು. ವಾಡೆಯ ಕತೆಯಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಉಳುವವನ ಲೆಕ್ಕ

ಸ್ವಾತಂತ್ರ್ಯದ ನಂತರದ ಕತೆಗೆ ಎರಡು ಬಾಯಿ. 1950ರ ಹೈದರಾಬಾದ್ ಗೇಣಿ ಕಾಯಿದೆ, ಮುಂದೆ ಇನಾಮು ರದ್ದತಿ, ಗೌಡಕಿ–ಕುಲಕರ್ಣಿಕಿ ಮುಗಿಸಿದ 1961ರ ಗ್ರಾಮಾಧಿಕಾರ ರದ್ದತಿ, ಕೊನೆಗೆ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರ ಒಡೆತನ ಕೋರಿ ಏಳನೆಯ ನಮೂನೆಯ ಅರ್ಜಿ ತುಂಬಿದ, ಭೂ ನ್ಯಾಯಮಂಡಳಿ ತೀರ್ಮಾನಿಸಿತು. ಭೂಮಿ ಹೋದ ಮೇಲೆ ವಾಡೆಗೆ ಉಸಿರಿರಲಿಲ್ಲ.

ವಾಡೆಯವರ ದೂರು ಇದು: ಮನೆಯಲ್ಲಿ ಗಂಡಸಿಲ್ಲದ್ದಕ್ಕೇ ವಿಧವೆ ಜಮೀನನ್ನು ಗೇಣಿಗೆ ಕೊಟ್ಟಿದ್ದಳು, ಅದಕ್ಕೇ ಅವಳು ಕಳೆದುಕೊಂಡಳು, ಗಂಡುಮಕ್ಕಳಿದ್ದವರು ಸ್ವಂತ ಸಾಗುವಳಿ ತೋರಿಸಿ ಉಳಿಸಿಕೊಂಡರು. ಈ ದೂರಿನಲ್ಲಿ ಹುರುಳಿದೆ. ಬೊಂಬಾಯಿ ಗೇಣಿ ಕಾಯಿದೆಯಲ್ಲಿ ಒಡತಿ ವಿಧವೆಯಾಗಿದ್ದರೆ ಗೇಣಿದಾರನ ಖರೀದಿ ಹಕ್ಕನ್ನು ಮುಂದೂಡುವ ಏರ್ಪಾಟಿತ್ತು. ಆದರೆ ಅಲ್ಲಿ ಉಳುವವನಿಗೆ ಒಡೆತನ ಬಂದ 1957ರ ಏಪ್ರಿಲ್ 1ಕ್ಕೆ ಮೊದಲೇ ಧಾರವಾಡ, ಬೆಳಗಾವಿ, ವಿಜಾಪುರಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಕರ್ನಾಟಕದ 1974ರ ತಿದ್ದುಪಡಿಯಲ್ಲಿ ಗೇಣಿಗೆ ಕೊಡುವ ಅವಕಾಶ ಉಳಿದದ್ದು ಸೈನಿಕ, ನಾವಿಕರಿಗೆ ಮಾತ್ರ.

ಗೇಣಿದಾರನ ಮಾತಿಗೂ ಅಷ್ಟೇ ಹುರುಳಿದೆ. ವಾಡೆಯ ಒಳಗಿನ ಒಬ್ಬ ವಿಧವೆಗಾಗಿ ಕಣ್ಣೀರಿಡುವವರು ಅವಳ ಹೊಲದಲ್ಲಿ ದುಡಿದ ಹತ್ತು ವಿಧವೆಯರ ಹೆಸರು ಕೇಳುವುದಿಲ್ಲ ಎನ್ನುತ್ತಾನವ. ಈ ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಭೂಸುಧಾರಣೆಯ ಕಡೆಯೇ. ಆದರೆ ಸಣ್ಣ ಹಿಡುವಳಿಯ ವಿಧವೆಯನ್ನೂ ನೂರಾರು ಎಕರೆಯ ದೇಸಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಕಾಯಿದೆಯ ಕುರುಡುತನ.

ಮಣ್ಣು, ಜಂತಿ, ಬಿಟ್ಟಿ

ಇತಿಹಾಸಕಾರರು ಹೆಚ್ಚು ನೋಡದ, ಗೌಂಡಿಗಳಿಗೆ ಗೊತ್ತಿರುವ ಕಾರಣವೊಂದಿದೆ. ಈ ಸೀಮೆಯ ವಾಡೆ ಇಟಗಿಯ ಗುಡಿಯಂತೆ ಕಲ್ಲಿನ ಕೆಲಸವಲ್ಲ. ತಳದಲ್ಲಿ ಕಲ್ಲು, ಮೇಲೆ ದಪ್ಪ ಮಣ್ಣಿನ ಗೋಡೆ, ತೇಗದ ಕಂಬ, ಬೋದಿಗೆ, ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ಮೇಲ್ಮುದ್ದೆ. ಮೇಲ್ಮುದ್ದೆಗೆ ಹುಲ್ಲು ಬೆಳೆಯದ ಸವಳು ಮಣ್ಣೇ ಆಗಬೇಕು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹೊತ್ತು ಹರಡಿ ತುಳಿಯಬೇಕು, ಬೆಳಕಿಂಡಿಯ ಸುತ್ತ ಮೆತ್ತಬೇಕು, ಸುಣ್ಣ ಬಳಿಯಬೇಕು. ಒಂದು ವರ್ಷ ತಪ್ಪಿದರೆ ಸೋರಿಕೆ. ಕೆಲವು ಮಳೆಗಾಲ ತಪ್ಪಿದರೆ ಜಂತಿ ಕೊಳೆತು ಅಂಕಣವೇ ಕೂತುಬಿಡುತ್ತದೆ.

ಈ ಮಣ್ಣು ಹೊತ್ತವರು ಯಾರು? ಬಿಟ್ಟಿಯವರು, ಆಯಗಾರರು, ಜೀತಕ್ಕಿದ್ದವರು. 1976ರ ಜೀತ ರದ್ದತಿ ಕಾಯಿದೆಯ ಹೊತ್ತಿಗೆ ಆ ಪುಕ್ಕಟೆ ಕೈಗಳು ಬಹುಮಟ್ಟಿಗೆ ಹೋಗಿದ್ದವು, ಹೋಗಬೇಕಾಗಿಯೂ ಇತ್ತು. ಕೂಲಿ ಕೊಟ್ಟು ನಾಲ್ಕು ಅಂಕಣದ ಮನೆ ಕಾಯಬಹುದು, ನಲವತ್ತು ಅಂಕಣದ ವಾಡೆ ಕಾಯಲಾಗದು. ಈ ವಿವರಣೆಯ ಬಲವೆಂದರೆ ವಿಧವೆಯಿದ್ದ ಮನೆ, ಇಲ್ಲದ ಮನೆ ಎರಡಕ್ಕೂ ಅದು ಹೊಂದುತ್ತದೆ. ಗಂಡಸರು ಪಟ್ಟಣಕ್ಕೆ ಓದಲು, ನೌಕರಿಗೆ ಹೋದ ಮೇಲೆ ವಾಡೆಯಲ್ಲಿ ಉಳಿದವಳು ಅವಳೊಬ್ಬಳೇ. ಆದ್ದರಿಂದ ಮಾಳಿಗೆ ಕೂತಾಗ ಕೆಳಗೆ ಇದ್ದವಳೂ ಅವಳೇ. ಕೊನೆಯಲ್ಲಿ ಉಳಿದವಳನ್ನು ಕಾರಣವೆಂದು ತಿಳಿದದ್ದೇ ಈ ಇಡೀ ಚರ್ಚೆಯ ಮೂಲ ದೋಷ ಎಂದು ನನ್ನ ತೀರ್ಮಾನ.

ಇಂಗ್ಲೆಂಡಿನ ಹಳ್ಳಿಯ ದೊಡ್ಡಮನೆಗಳ ಕತೆ ಇದಕ್ಕೆ ಹತ್ತಿರ ಬರುತ್ತದೆ. ಅಲ್ಲಿ ವಾರಸುದಾರ ಬಂದ ಕೂಡಲೇ ವಿಧವೆ ಎಸ್ಟೇಟಿನ ಅಂಚಿನ ಚಿಕ್ಕ ಮನೆಗೆ ಹೋಗುವ ರೂಢಿ, ಅಂದರೆ ಅವಳಿಗೊಂದು ಸೂರು ಗೊತ್ತು ಮಾಡಿಟ್ಟಿರುತ್ತಿದ್ದರು. 1894ರ ಮರಣ ತೆರಿಗೆ, ಮಹಾಯುದ್ಧಗಳು, ಆಳುಗಳ ಅಭಾವ ಸೇರಿ ಇಪ್ಪತ್ತನೆಯ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. 1937ರಿಂದ ನ್ಯಾಷನಲ್ ಟ್ರಸ್ಟ್ ಅವನ್ನು ವಹಿಸಿಕೊಳ್ಳುವ ಯೋಜನೆ ಮಾಡಿತು, 1974ರಲ್ಲಿ ಲಂಡನ್ನಿನಲ್ಲಿ ಬಿದ್ದ ಮನೆಗಳದೇ ಒಂದು ಪ್ರದರ್ಶನ ನಡೆಯಿತು. ನಮ್ಮಲ್ಲೂ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಇತ್ತು. ಬಿದ್ದ ವಾಡೆಗಳ ಪಟ್ಟಿಯನ್ನು ಮಾತ್ರ ಯಾರೂ ಮಾಡಲಿಲ್ಲ.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಕಾದಂಬರಿ. ರಾವಬಹಾದ್ದೂರರ ‘ಗ್ರಾಮಾಯಣ’ 1957ರಲ್ಲೇ ಉತ್ತರ ಕರ್ನಾಟಕದ ಹಳ್ಳಿಯೊಂದರ ಅಧಿಕಾರದ ಮನೆಗಳು ಕುಸಿಯುವುದನ್ನು ಬರೆಯಿತು. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ದೇಸಗತಿಯ ಅರಮನೆಯನ್ನು ಹೆಣ್ಣೊಬ್ಬಳ ಬದುಕಿನ ಮೂಲಕವೇ ನೋಡಿತು. ಇತಿಹಾಸದ ಪುಸ್ತಕಗಳಿಗಿಂತ ಇವು ಮನೆಯ ಒಳಗನ್ನು ಚೆನ್ನಾಗಿ ಬಲ್ಲವು.

ಇನ್ನೂ ತೀರದ ಪ್ರಶ್ನೆಗಳು

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಹದಿನಾಲ್ಕನೆಯ ಕಲಂ ವಿಧವೆಯ ಅರ್ಧ ಹಕ್ಕನ್ನು ಪೂರ್ಣ ಒಡೆತನ ಮಾಡಿತು. ಕಾಯಿದೆಯ ವಾದ ಸರಿಯಾದರೆ ಆಮೇಲೆ ವಾಡೆಗಳು ಚೇತರಿಸಬೇಕಿತ್ತು. ಚೇತರಿಸಲಿಲ್ಲ. ಹಕ್ಕು ಬಂದದ್ದೂ ಭೂಮಿ ಹೋದದ್ದೂ ಹೆಚ್ಚು ಕಡಿಮೆ ಒಟ್ಟಿಗೇ ಆದದ್ದರಿಂದ ಹೀಗಾಯಿತೇ, ಅಥವಾ ಹಕ್ಕು ಕಾಗದದಲ್ಲೇ ಉಳಿಯಿತೇ? ಇದು ತೀರ್ಮಾನವಾಗಿಲ್ಲ. 1974ರಲ್ಲಿ ಭೂಮಿ ಕಳೆದುಕೊಂಡವರಲ್ಲಿ ವಿಧವೆಯರ ಪಾಲೆಷ್ಟು ಎಂಬುದನ್ನು ನ್ಯಾಯಮಂಡಳಿಗಳ ಕಡತ ಬಿಚ್ಚದೆ ಹೇಳಲಾಗದು. ಬೊಂಬಾಯಿ ಕರ್ನಾಟಕದ ವಾಡೆಗೂ ಹೈದರಾಬಾದ್ ಕರ್ನಾಟಕದ ವಾಡೆಗೂ ಬೀಳುವುದರಲ್ಲಿ ನಿಜವಾದ ವ್ಯತ್ಯಾಸವಿತ್ತೇ ಎಂಬುದೂ ಹಾಗೆಯೇ ಇದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಈ ಹೆಂಗಸರ ಸ್ವಂತ ಮಾತು. ಅವರು ದಾಖಲೆಯಲ್ಲಿ ಕಾಣುವುದು ಜಗಳದ ದಿನ ಮಾತ್ರ: ವಾದಿಯಾಗಿ, ಪ್ರತಿವಾದಿಯಾಗಿ, ಹೆಬ್ಬೆಟ್ಟಿನ ಗುರುತಾಗಿ. ನಡುವಿನ ಮೂವತ್ತು ವರ್ಷ ಮನೆ ನಡೆಸಿದ ಲೆಕ್ಕ ಎಲ್ಲಿಯೂ ಅಚ್ಚಾಗಿಲ್ಲ.

ಆ ಲೆಕ್ಕ ಎಲ್ಲಾದರೂ ಇದ್ದರೆ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿದೆ, ಮೋಡಿ ಲಿಪಿಯಲ್ಲಿ, ಉರ್ದುವಿನಲ್ಲಿ, ಹಳೆಯ ಕನ್ನಡ ಕೈಬರಹದಲ್ಲಿ. ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಟಗಿ, ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಜ್ಜಿಯ ಕಾಲದ ಖಾತೆ ಪುಸ್ತಕ, ದತ್ತಕ ಪತ್ರ, ಗೇಣಿ ಚೀಟಿ ಇದ್ದರೆ ವಾಡೆಯ ಮರಮುಟ್ಟು ಮಾರುವಾಗ ಅದನ್ನು ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಕನಿಷ್ಠ ಒಂದು ಪ್ರತಿ ಮಾಡಿಸಿ ಕೊಡಿ.